ದೈನಂದಿನ ಜೀವನದಲ್ಲಿ ಬರಿಗಾಲ ನಡಿಗೆ: ಪ್ರಯೋಜನಗಳು ಮತ್ತು ತಪ್ಪು ಕಲ್ಪನೆಗಳು

ಪೀಠಿಕೆ

ಪಾದರಕ್ಷೆಯಿಲ್ಲದೆ ನಡೆಯುವುದು ಕರ್ನಾಟಕದ ಜನಜೀವನಕ್ಕೆ ಹೊಸ ವಿಷಯವಲ್ಲ. ಮನೆಯ ಹೊಸ್ತಿಲಿನ ಒಳಗೆ, ದೇವಾಲಯ, ಬಸದಿ, ಮಸೀದಿ ಹಾಗೂ ದರ್ಗಾಗಳ ಆವರಣದಲ್ಲಿ, ನಾಟಿ ಗದ್ದೆಯಲ್ಲಿ, ಒಕ್ಕಣೆಯ ಕಣದಲ್ಲಿ, ಕರಾವಳಿಯ ಕಂಬಳದ ಕೆಸರಿನಲ್ಲಿ ಬರಿಗಾಲೇ ರೂಢಿಯಾಗಿರುತ್ತದೆ. 2021ರ ನವೆಂಬರ್ 8ರಂದು ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿಯೇ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದಾಗ ದೇಶದ ಗಮನ ಅವರ ಪಾದಗಳ ಕಡೆಗೂ ಹರಿಯಿತು. ಸಾವಿರಾರು ಸಸಿಗಳನ್ನು ನೆಟ್ಟು ಬೆಳೆಸಿದ ಆ ಹಿರಿಯರಿಗೆ (ನಿಧನ: ಡಿಸೆಂಬರ್ 2024) ಅದು ವಿಶೇಷವಾಗಿರಲಿಲ್ಲ, ದಿನನಿತ್ಯದ ನಡಿಗೆಯೇ ಆಗಿತ್ತು.

ಇತ್ತೀಚಿನ ವರ್ಷಗಳಲ್ಲಿ ನಗರವಾಸಿಗಳು ಆರೋಗ್ಯದ ದೃಷ್ಟಿಯಿಂದ ಉದ್ಯಾನಗಳ ಹುಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಡೆಯುವುದನ್ನು ರೂಢಿಸಿಕೊಳ್ಳುತ್ತಿದ್ದಾರೆ. ಇದೇ ವೇಳೆ ಗ್ರಾಮಾಂತರ ಪ್ರದೇಶದಲ್ಲಿ ಬರಿಗಾಲಿನಿಂದಾಗುವ ರೋಗ ಮತ್ತು ಗಾಯಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಚಿಕಿತ್ಸೆ ನೀಡಲಾಗುತ್ತಿದೆ. ಒಂದೇ ಅಭ್ಯಾಸವು ಒಬ್ಬರಿಗೆ ಹಿತವಾಗಿ, ಮತ್ತೊಬ್ಬರಿಗೆ ಅಪಾಯವಾಗಿ ಪರಿಣಮಿಸುವುದು ಹೇಗೆಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಪಾದದ ರಚನೆ

ಮನುಷ್ಯನ ಒಂದು ಪಾದದಲ್ಲಿ 26 ಮೂಳೆಗಳಿದ್ದು, ಎರಡೂ ಪಾದಗಳನ್ನು ಸೇರಿಸಿದರೆ ಶರೀರದ ಒಟ್ಟು 206 ಮೂಳೆಗಳಲ್ಲಿ ಸುಮಾರು ಕಾಲು ಭಾಗ ಇಲ್ಲಿಯೇ ಇರುತ್ತವೆ. ಈ ಮೂಳೆಗಳನ್ನು ಅಸ್ಥಿರಜ್ಜುಗಳು ಮತ್ತು ಸ್ನಾಯುಗಳು ಹಿಡಿದಿಟ್ಟು, ಪಾದದ ಒಳಬದಿಯಲ್ಲಿ ಉದ್ದಕ್ಕೆ ಒಂದು ಕಮಾನನ್ನು ರೂಪಿಸುತ್ತವೆ. ಒದ್ದೆಗಾಲಿನಿಂದ ಸಿಮೆಂಟು ನೆಲದ ಮೇಲೆ ನಡೆದರೆ ಹಿಮ್ಮಡಿ ಮತ್ತು ಬೆರಳುಗಳ ಗುರುತು ಮೂಡಿ ನಡುವೆ ಒಳಬದಿಯು ಖಾಲಿ ಉಳಿಯುವುದು ಈ ಕಮಾನಿನ ಕಾರಣದಿಂದ. ಹೆಜ್ಜೆ ಊರಿದಾಗ ಕಮಾನು ಸ್ವಲ್ಪ ಬಾಗಿ ದೇಹದ ಭಾರವನ್ನು ತಾಳಿಕೊಳ್ಳುತ್ತದೆ, ಹೆಜ್ಜೆ ಎತ್ತುವಾಗ ಪುಟಿದು ಮುಂದಕ್ಕೆ ತಳ್ಳುತ್ತದೆ.

ಎಳೆಯ ಮಕ್ಕಳ ಪಾದ ಚಪ್ಪಟೆಯಾಗಿ ಕಾಣುವುದು ಸಹಜ. ಅಂಗಾಲಿನ ಕೊಬ್ಬು ಕರಗಿ, ಸ್ನಾಯುಗಳು ಬಲಗೊಂಡಂತೆ ಕಮಾನು ಬಾಲ್ಯದಲ್ಲಿಯೇ ಕ್ರಮೇಣ ರೂಪುಗೊಳ್ಳುತ್ತದೆ. ಒಂದೂವರೆ ವರ್ಷದ ಮಗುವಿನ ಪಾದವನ್ನು ಕಂಡು ಪೋಷಕರು ಆತಂಕಪಡುವ ಅಗತ್ಯವಿರುವುದಿಲ್ಲ.

ಮಕ್ಕಳ ಪಾದ ಮತ್ತು ಪಾದರಕ್ಷೆ: ಕರ್ನಾಟಕದ ವೈದ್ಯರ ಸಮೀಕ್ಷೆ

ಮಕ್ಕಳಿಗೆ ಎಷ್ಟು ಬೇಗ ಶೂ ಹಾಕಿದರೆ ಪಾದಕ್ಕೆ ಅಷ್ಟು ಒಳ್ಳೆಯ ಆಕಾರ ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆಯನ್ನು ಪ್ರಶ್ನಿಸಿದ ಅಧ್ಯಯನಗಳಲ್ಲಿ ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಒಂದು ಅಧ್ಯಯನ ನಮ್ಮ ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ತಜ್ಞರದೆಂಬುದು ಇಲ್ಲಿ ಅನೇಕರಿಗೆ ತಿಳಿದಿಲ್ಲ. ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದೊಳಗಿನ 2300 ಮಕ್ಕಳ ಪಾದದ ಗುರುತುಗಳನ್ನು ಪರಿಶೀಲಿಸಿ, ಫಲಿತಾಂಶವನ್ನು 1992ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಾ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಪಾದರಕ್ಷೆ ಧರಿಸುತ್ತಿದ್ದ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲಿನಲ್ಲಿ ಬೆಳೆಯುತ್ತಿದ್ದ ಮಕ್ಕಳಲ್ಲಿ ಈ ಪ್ರಮಾಣ ಶೇ. 2.8 ಮಾತ್ರ. ಬೆರಳುಗಳನ್ನು ಪೂರ್ಣ ಮುಚ್ಚುವ ಶೂ ಧರಿಸಿದವರಲ್ಲಿ ಅತಿ ಹೆಚ್ಚು, ಚಪ್ಪಲಿ ಮತ್ತು ಸ್ಯಾಂಡಲ್ ಧರಿಸಿದವರಲ್ಲಿ ಅದಕ್ಕಿಂತ ಕಡಿಮೆ, ಬರಿಗಾಲಿನವರಲ್ಲಿ ಅತಿ ಕಡಿಮೆ ಎಂಬ ಕ್ರಮವೂ ಕಂಡುಬಂದಿತು. ಕೀಲುಗಳ ರಜ್ಜು ಹುಟ್ಟಿನಿಂದಲೇ ಸಡಿಲವಾಗಿರುವ ಮಕ್ಕಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಇದರ ಮುಂದುವರಿದ ಭಾಗವೆನ್ನಬಹುದಾದ ಇನ್ನೊಂದು ಸಮೀಕ್ಷೆ 1995ರಲ್ಲಿ ಪ್ರಕಟವಾಯಿತು. ಇದರಲ್ಲಿ ಮೂಳೆಯ ಬೆಳವಣಿಗೆ ಪೂರ್ಣಗೊಂಡಿದ್ದ 1846 ಮಂದಿಯನ್ನು ಪರೀಕ್ಷಿಸಿ, ಮೊದಲ ಬಾರಿಗೆ ಪಾದರಕ್ಷೆ ಧರಿಸಿದ ವಯಸ್ಸನ್ನು ಕೇಳಿ ದಾಖಲಿಸಲಾಯಿತು. 6 ವರ್ಷಕ್ಕೆ ಮೊದಲೇ ಆರಂಭಿಸಿದವರಲ್ಲಿ ಶೇ. 3.24, 6ರಿಂದ 15 ವರ್ಷದ ನಡುವೆ ಆರಂಭಿಸಿದವರಲ್ಲಿ ಶೇ. 3.27, 16ನೇ ವಯಸ್ಸಿನಲ್ಲಿ ಆರಂಭಿಸಿದವರಲ್ಲಿ ಶೇ. 1.75 ಮಂದಿಗೆ ಚಪ್ಪಟೆ ಪಾದವಿತ್ತು. ಸ್ಥೂಲಕಾಯದವರಲ್ಲಿಯೂ ಚಪ್ಪಟೆ ಪಾದ ಹೆಚ್ಚಾಗಿ ಕಂಡುಬಂದಿತು.

ಈ ಅಂಕಿ ಅಂಶಗಳನ್ನು ಓದುವಾಗ ಒಂದು ಎಚ್ಚರಿಕೆ ಅವಶ್ಯಕ. ಚಪ್ಪಟೆ ಪಾದವೆಂಬುದು ತನ್ನಷ್ಟಕ್ಕೆ ರೋಗವಲ್ಲ, ಬಹುತೇಕರಿಗೆ ಅದರಿಂದ ನೋವೇ ಇರುವುದಿಲ್ಲ. ಆದುದರಿಂದ ಸದರಿ ಸಮೀಕ್ಷೆಗಳನ್ನು ಆಧರಿಸಿ ಮಗುವಿನ ಶೂವನ್ನು ಕಸಕ್ಕೆ ಎಸೆಯುವುದು ಸರಿಯಲ್ಲ. ಮನೆಯೊಳಗೆ, ಶುಚಿಯಾದ ಅಂಗಳದಲ್ಲಿ ನಡೆಯಲು ಕಲಿಯುವ ಮಗುವಿಗೆ ಪಾದರಕ್ಷೆ ಬೇಕಿಲ್ಲ. ಹೊರಗೆ ಹೋಗುವಾಗ ಬೆರಳು ಆಡಿಸಲು ಅವಕಾಶವಿರುವ, ಮೆದು ಅಟ್ಟೆಯ ಪಾದರಕ್ಷೆ ಸಾಕು. ವರ್ಷಗಟ್ಟಲೆ ಬರಲೆಂದು ಎರಡು ಅಳತೆ ದೊಡ್ಡದನ್ನು ಕೊಳ್ಳುವುದು, ಅಣ್ಣನಿಗೆ ಬಿಗಿಯಾದುದನ್ನು ತಮ್ಮನಿಗೆ ತೊಡಿಸುವುದು ಮನೆಯ ಲೆಕ್ಕದಲ್ಲಿ ಉಳಿತಾಯವಾಗಿ ಕಂಡರೂ ಪಾದಕ್ಕೆ ನಷ್ಟವೇ ಆಗಿರುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ ಮತ್ತು ಕಾಲುಚೀಲ ವಿತರಿಸುವಾಗಲೂ ಪ್ರತಿ ಮಗುವಿನ ಪಾದವನ್ನು ಅಳೆದು ಕೊಳ್ಳುವುದು ಮುಖ್ಯ. ಅಳತೆ ತಪ್ಪಿದ ಶೂ ಚೀಲದಲ್ಲಿ ಉಳಿದು, ಮಗು ಪುನಃ ಬರಿಗಾಲಿನಲ್ಲಿಯೇ ಶಾಲೆಗೆ ಬರುತ್ತದೆ.

ಇತರ ಪ್ರಯೋಜನಗಳು

ಬರಿಗಾಲಿನ ನಡಿಗೆಯಲ್ಲಿ ಬೆರಳುಗಳು ಹರಡಿಕೊಂಡು ನೆಲವನ್ನು ಹಿಡಿಯುತ್ತವೆ ಮತ್ತು ಪಾದದ ಒಳಗಿನ ಸಣ್ಣ ಸ್ನಾಯುಗಳಿಗೆ ಕೆಲಸ ದೊರೆಯುತ್ತದೆ. ನೆಲದ ಏರಿಳಿತ, ಬಿಸಿ, ತೇವಗಳ ಸೂಚನೆ ಅಂಗಾಲಿನಿಂದ ಮಿದುಳಿಗೆ ತಲುಪಿ ದೇಹದ ಸಮತೋಲನಕ್ಕೆ ನೆರವಾಗುತ್ತದೆ. ಗದ್ದೆಯ ಬದುವಿನ ಮೇಲೆ ತಲೆಹೊರೆ ಹೊತ್ತು ಜಾರದೆ ನಡೆಯುವವರಲ್ಲಿ ಈ ಸಾಮರ್ಥ್ಯವನ್ನು ಕಾಣಬಹುದು. ಬೆರಳುಗಳ ಸಂದು ಒಣಗಿರುವುದರಿಂದ, ದಿನವಿಡೀ ಶೂ ಧರಿಸುವವರನ್ನು ಕಾಡುವ ಶಿಲೀಂಧ್ರದ ತುರಿಕೆಯೂ ದುರ್ವಾಸನೆಯೂ ಕಡಿಮೆ.

ಬರಿಗಾಲಿನಲ್ಲಿ ನಡೆದರೆ ಅಂಗಾಲು ದಪ್ಪಗಟ್ಟಿ ಸ್ಪರ್ಶಜ್ಞಾನ ಕುಂದುತ್ತದೆ ಎಂದು ಹಿಂದೆ ಭಾವಿಸಲಾಗಿತ್ತು. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ, ಕೀನ್ಯಾ ಮತ್ತು ಅಮೆರಿಕದ ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವು ಇದು ಸರಿಯಲ್ಲವೆಂದು ತೋರಿಸಿತು. ಬರಿಗಾಲಿನವರ ಅಂಗಾಲಿನ ಚರ್ಮ ದಪ್ಪವೂ ಗಡುಸೂ ಆಗಿದ್ದರೂ ನಡೆಯುವಾಗಿನ ಸಂವೇದನೆ ಕಡಿಮೆಯಾಗಿರಲಿಲ್ಲ. ಶೂವಿನ ಮೆತ್ತನೆಯ ಅಟ್ಟೆ ಈ ಎರಡನ್ನೂ ಒಟ್ಟಿಗೆ ಕೊಡಲಾರದು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲಾ ಅವರು ಬರಿಗಾಲಿನಲ್ಲಿ ಮ್ಯಾರಥಾನ್ ಓಡಿ ಚಿನ್ನದ ಪದಕ ಪಡೆದುದು ಪ್ರಸಿದ್ಧ. ಆದರೆ ಅದನ್ನು ಕೇಳಿ ಶೂ ಕಳಚಿ ಒಮ್ಮೆಗೇ ಡಾಂಬರು ರಸ್ತೆಯಲ್ಲಿ ಓಡಲು ಹೊರಟ ಮಧ್ಯವಯಸ್ಕರಿಗೆ ಹಿಮ್ಮಡಿಯ ಸ್ನಾಯುರಜ್ಜು ನೋವು ಮತ್ತು ಪಾದದ ಮೂಳೆಗಳ ಬಿರುಕು ಬರುವ ಸಂಭವವಿದೆ. ಅಭ್ಯಾಸವಿಲ್ಲದವರು ದಿನಕ್ಕೆ ಕೆಲವು ನಿಮಿಷಗಳಿಂದ ಆರಂಭಿಸಿ, ವಾರಗಟ್ಟಲೆ ಅವಧಿಯಲ್ಲಿ ಹೆಚ್ಚಿಸುವುದು ಸೂಕ್ತ.

ಕೊಕ್ಕೆಹುಳು: ಅಂಗಾಲಿನಿಂದ ಒಳಬರುವ ರಕ್ತಹೀನತೆ

ಬರಿಗಾಲಿನಿಂದಾಗುವ ಹಾನಿಗಳಲ್ಲಿ ಅತ್ಯಂತ ಹೆಚ್ಚು ಜನರನ್ನು, ಅತ್ಯಂತ ಕಡಿಮೆ ಸದ್ದಿನಲ್ಲಿ ಬಾಧಿಸುವುದು ಕೊಕ್ಕೆಹುಳು. ರೋಗಪೀಡಿತರು ಬಯಲಿನಲ್ಲಿ ಮಲವಿಸರ್ಜನೆ ಮಾಡಿದಾಗ ಹುಳುವಿನ ಮೊಟ್ಟೆಗಳು ಮಣ್ಣನ್ನು ಸೇರುತ್ತವೆ. ನೆರಳು, ತೇವ ಮತ್ತು ಬಿಸುಪು ಇರುವ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಮೊಟ್ಟೆಯೊಡೆದು, 5ರಿಂದ 10 ದಿನಗಳಲ್ಲಿ ಮರಿಗಳು ಸೋಂಕು ತಗುಲಿಸುವ ಹಂತವನ್ನು ತಲುಪುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ ಅವು ಮೂರು ನಾಲ್ಕು ವಾರ ಬದುಕಬಲ್ಲವು. ಕಣ್ಣಿಗೆ ಕಾಣದ ಈ ಮರಿಗಳು ಬರಿಗಾಲಿನ ಚರ್ಮವನ್ನು, ವಿಶೇಷವಾಗಿ ಬೆರಳ ಸಂದುಗಳನ್ನು ಭೇದಿಸಿ ಒಳಹೊಕ್ಕು, ರಕ್ತದ ಮೂಲಕ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಏರಿ, ನುಂಗಲ್ಪಟ್ಟು ಸಣ್ಣ ಕರುಳಿನಲ್ಲಿ ನೆಲೆಯೂರುತ್ತವೆ. ಹೊಕ್ಕ ಜಾಗದಲ್ಲಿ ಕೆಲದಿನ ತುರಿಕೆ ಮತ್ತು ಗುಳ್ಳೆ ಇರಬಹುದು. ಅದನ್ನು ಕೆಸರಿನ ತುರಿಕೆಯೆಂದು ಜನರು ಕಡೆಗಣಿಸುತ್ತಾರೆ.

ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ನೆಕೇಟರ್ ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತನಷ್ಟ ಉಂಟುಮಾಡುತ್ತದೆ. ಇದು ನಗಣ್ಯವೆಂದು ತೋರಬಹುದು. ಆದರೆ 100 ಹುಳುಗಳಿದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90, ವರ್ಷಕ್ಕೆ ಒಂದು ಲೀಟರಿಗೂ ಮೇಲ್ಪಟ್ಟು ಆಗುತ್ತದೆ. ರಕ್ತದಾನ ಶಿಬಿರದಲ್ಲಿ ಆರೋಗ್ಯವಂತರಿಂದ ಒಮ್ಮೆಗೆ 350 ಮಿಲಿಲೀಟರ್ ಪಡೆದು, ಪುರುಷರಾದರೆ ಕನಿಷ್ಠ ಮೂರು ತಿಂಗಳು, ಮಹಿಳೆಯರಾದರೆ ನಾಲ್ಕು ತಿಂಗಳು ವಿರಾಮ ನೀಡಲಾಗುತ್ತದೆ. ಅಂದರೆ ನಾಟಿಗೆ ಹೋಗುವ ಕೃಶಕಾಯದ ಮಹಿಳೆಯೊಬ್ಬರು ವರ್ಷಕ್ಕೆ ಮೂರು ಬಾರಿ ತಮಗರಿವಿಲ್ಲದೆ ರಕ್ತದಾನ ಮಾಡಿದಂತಾಗುತ್ತದೆ. ಕರುಳಿನಲ್ಲಿ ಸೋರಿದ ಕಬ್ಬಿಣಾಂಶದ ಒಂದು ಭಾಗವನ್ನು ದೇಹ ಪುನಃ ಹೀರಿಕೊಳ್ಳುತ್ತದೆಯಾದರೂ, ಆಹಾರದಲ್ಲಿ ಕಬ್ಬಿಣಾಂಶ ಮೊದಲೇ ಕಡಿಮೆಯಿರುವ ಮನೆಗಳಲ್ಲಿ ಜಮೆಗಿಂತ ಖರ್ಚು ಹೆಚ್ಚಾಗಿ, ರಕ್ತಹೀನತೆ ನೆಲೆಗೊಳ್ಳುತ್ತದೆ. ಬೇಗ ಆಯಾಸಗೊಳ್ಳುವುದು, ಏದುಸಿರು, ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಮಕ್ಕಳಲ್ಲಿ ಕಲಿಕೆಯ ಹಿನ್ನಡೆ, ಗರ್ಭಿಣಿಯರಲ್ಲಿ ಹೆರಿಗೆಯ ತೊಡಕುಗಳು ಇದರ ಪರಿಣಾಮಗಳು.

ರಾಷ್ಟ್ರೀಯ ಜಂತುಹುಳು ನಿವಾರಣಾ ಕಾರ್ಯಕ್ರಮವು 2015ರಲ್ಲಿ ಆರಂಭಗೊಂಡಿದ್ದು, 1ರಿಂದ 19 ವರ್ಷದ ಎಲ್ಲರಿಗೂ ಶಾಲೆ ಮತ್ತು ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ. 2 ವರ್ಷ ತುಂಬಿದವರಿಗೆ 400 ಮಿಲಿಗ್ರಾಂನ ಒಂದು ಮಾತ್ರೆ, ಅದಕ್ಕಿಂತ ಚಿಕ್ಕವರಿಗೆ ಅರ್ಧ ಮಾತ್ರೆ. ಮಾತ್ರೆಯು ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುತ್ತದೆಯೇ ಹೊರತು ನಾಳೆ ಅಂಗಾಲಿನಿಂದ ಒಳಬರುವ ಹುಳುಗಳನ್ನು ತಡೆಯುವುದಿಲ್ಲ. ಶೌಚಾಲಯದ ಬಳಕೆ ಮತ್ತು ಪಾದರಕ್ಷೆ ಎರಡೂ ಇಲ್ಲದಿದ್ದಲ್ಲಿ ಕೆಲವೇ ತಿಂಗಳುಗಳಲ್ಲಿ ಹುಳುಗಳು ಮರಳುತ್ತವೆ. ಮನೆಯಲ್ಲಿ ಶೌಚಾಲಯವಿದ್ದರೂ ನೆರೆಹೊರೆಯವರು ಬಯಲನ್ನು ಬಳಸುತ್ತಿದ್ದಲ್ಲಿ ಅಪಾಯ ಉಳಿದೇ ಇರುತ್ತದೆಂಬುದನ್ನು ಗ್ರಾಮ ಪಂಚಾಯಿತಿಗಳು ಗಮನಿಸಬೇಕು.

ಗದ್ದೆ, ಕಾಡು ಮತ್ತು ಹೊಲದ ಇತರ ಅಪಾಯಗಳು

ಇಲಿ ಜ್ವರ: ಇಲಿ, ದನ ಮೊದಲಾದ ಪ್ರಾಣಿಗಳ ಮೂತ್ರದಿಂದ ಕಲುಷಿತವಾದ ನೀರಿನಲ್ಲಿರುವ ರೋಗಾಣುಗಳು ಕಾಲಿನ ಗಾಯ ಹಾಗೂ ಬಹುಹೊತ್ತು ನೆನೆದು ಮೆತ್ತಗಾದ ಚರ್ಮದ ಮೂಲಕ ಒಳಸೇರುತ್ತವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ನಾಟಿಯ ವೇಳೆ ತೀವ್ರ ಜ್ವರ, ಮೀನಖಂಡದ ನೋವು ಹಾಗೂ ಕಣ್ಣು ಕೆಂಪಾಗುವಿಕೆ ಒಟ್ಟಿಗೆ ಕಂಡುಬಂದಲ್ಲಿ, ತಾನು ಗದ್ದೆಯಲ್ಲಿ ಕೆಲಸ ಮಾಡಿರುವುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ನಾಟಿ ಮಾಡುವವರು ಗಂಬೂಟು ಧರಿಸಬೇಕೆಂದು ಹೇಳುವುದು ಸುಲಭ. ಮೊಣಕಾಲು ಮಟ್ಟದ ಹೂಳಿನಲ್ಲಿ ಗಂಬೂಟು ಸಿಕ್ಕಿಕೊಂಡು ಹೆಜ್ಜೆ ಕೀಳಲಾಗುವುದಿಲ್ಲವೆಂಬ ರೈತ ಮಹಿಳೆಯರ ಮಾತು ವಾಸ್ತವವೇ ಆಗಿದೆ. ಅಂತಹ ಸಂದರ್ಭದಲ್ಲಿ ಗಾಯವಿರುವವರು ಗದ್ದೆಗೆ ಇಳಿಯದಿರುವುದು, ಕೆಲಸ ಮುಗಿದೊಡನೆ ಶುದ್ಧ ನೀರು ಮತ್ತು ಸಾಬೂನಿನಿಂದ ಕಾಲು ತೊಳೆದು ಬೆರಳ ಸಂದುಗಳನ್ನು ಒರೆಸಿಕೊಳ್ಳುವುದು ಮಾಡಬಹುದಾದ ಕನಿಷ್ಠ ಕ್ರಮ.

ಹಾವು ಕಡಿತ: ಕಡಿತಗಳಲ್ಲಿ ಬಹುಪಾಲು ಪಾದ ಮತ್ತು ಮೊಣಕಾಲಿನ ಕೆಳಭಾಗಕ್ಕೆ ಆಗುತ್ತವೆ. ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಮೃತಪಟ್ಟಿರುವುದಾಗಿ ಅಂದಾಜಿಸಲಾಗಿದೆ. ಕರ್ನಾಟಕದಲ್ಲಿ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿ ಘೋಷಿಸಲಾಗಿದ್ದು, ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳು ಪ್ರಕರಣಗಳನ್ನು ವರದಿ ಮಾಡಬೇಕಾಗುತ್ತದೆ. ಕೊಳಕುಮಂಡಲ ಹಾವು ಒಣ ಎಲೆ ಹಾಗೂ ಹುಲ್ಲಿನ ಬಣ್ಣದಲ್ಲಿ ಬೆರೆತಿದ್ದು, ಮನುಷ್ಯ ಸಮೀಪಿಸಿದರೂ ಹಲವೊಮ್ಮೆ ಸರಿದುಹೋಗುವುದಿಲ್ಲ. ಕೊಯ್ಲಿನ ವೇಳೆ ಮತ್ತು ರಾತ್ರಿ ನೀರು ಹಾಯಿಸಲು ಹೋಗುವಾಗ ಬ್ಯಾಟರಿ ದೀಪ ಹಾಗೂ ಪಾದ ಮುಚ್ಚುವ ಬೂಟು ಅತ್ಯಗತ್ಯ. ಹವಾಯಿ ಚಪ್ಪಲಿಯಿಂದ ಈ ವಿಷಯದಲ್ಲಿ ಹೆಚ್ಚಿನ ರಕ್ಷಣೆ ದೊರೆಯುವುದಿಲ್ಲ.

ಮಂಗನ ಕಾಯಿಲೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವು ಉಣುಗುಗಳ ಕಡಿತದಿಂದ ಹರಡುತ್ತದೆ. ಬೇಸಿಗೆಗೆ ಮುನ್ನ ಸೊಪ್ಪು, ದರಗೆಲೆ ತರಲು ಬರಿಗಾಲಿನಲ್ಲಿ ಕಾಡಿಗೆ ಹೋಗುವವರು ಡೆಪಾ ತೈಲವನ್ನು ಕೈಕಾಲುಗಳಿಗೆ ಲೇಪಿಸಿಕೊಳ್ಳಬೇಕು, ಮೈತುಂಬ ಬಟ್ಟೆ ಮತ್ತು ಬೂಟು ಧರಿಸಬೇಕು.

ಮುಳ್ಳು ಮತ್ತು ಧನುರ್ವಾಯು: ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನೂ ತೂರಿ ಅಂಗಾಲಿನಲ್ಲಿ ಮುರಿದು ಉಳಿಯಬಲ್ಲದು. ಎಕ್ಕದ ಹಾಲು, ಸಗಣಿ, ಸೀಮೆಎಣ್ಣೆ ಹಚ್ಚುವುದು ಬೇಡ. ಸಾಬೂನು ಮತ್ತು ನೀರಿನಿಂದ ತೊಳೆದು, ಮುಳ್ಳು ಉಳಿದಿದ್ದಲ್ಲಿ ಆಸ್ಪತ್ರೆಯಲ್ಲಿ ತೆಗೆಸಿಕೊಳ್ಳಬೇಕು. ತುಕ್ಕು ಹಿಡಿದ ಮೊಳೆಯಿಂದ ಮಾತ್ರ ಧನುರ್ವಾಯು ಬರುತ್ತದೆಂಬುದು ತಪ್ಪು. ರೋಗಾಣು ಇರುವುದು ತುಕ್ಕಿನಲ್ಲಲ್ಲ, ಮಣ್ಣು ಮತ್ತು ಸಗಣಿಯಲ್ಲಿ. ಮುಳ್ಳು, ಗಾಜು, ಬಿದಿರಿನ ಸಿಬಿರು ಯಾವುದರಿಂದಲೂ ಬರಬಹುದು. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ನೀಡುವ ಟಿ.ಡಿ. ಲಸಿಕೆಯನ್ನು ಅನೇಕರು ಮರೆಯುತ್ತಾರೆ. ಹೆಣ್ಣುಮಕ್ಕಳಿಗೆ ಗರ್ಭಿಣಿಯಾದಾಗ ಮತ್ತೆ ಲಸಿಕೆ ದೊರೆಯುತ್ತದೆ, ಹೊಲದಲ್ಲಿ ದುಡಿಯುವ ಪುರುಷರಿಗೆ ಅಂತಹ ಸಂದರ್ಭವೇ ಬರುವುದಿಲ್ಲ. ಮಣ್ಣಿನ ಗಾಯವಾದಾಗಲೆಲ್ಲ ಕೊನೆಯ ಲಸಿಕೆ ಪಡೆದ ವರ್ಷವನ್ನು ವೈದ್ಯರಿಗೆ ತಿಳಿಸಬೇಕು.

ನೋವು ತಿಳಿಯದ ಪಾದ

ಆರೋಗ್ಯವಂತರು ಬರಿಗಾಲಿನಲ್ಲಿ ಸುರಕ್ಷಿತವಾಗಿ ನಡೆಯಲು ಅವಕಾಶ ಮಾಡಿಕೊಡುವುದು ನೋವು. ಕಲ್ಲು ಚುಚ್ಚಿದೊಡನೆ ಕಾಲನ್ನು ಹಿಂದೆಗೆದುಕೊಳ್ಳುತ್ತೇವೆ, ನೆಲ ಸುಟ್ಟರೆ ನೆರಳಿಗೆ ಓಡುತ್ತೇವೆ. ಈ ಕಾವಲು ಇಲ್ಲವಾದವರಿಗೆ ಬರಿಗಾಲು ಅತ್ಯಂತ ಅಪಾಯಕಾರಿ.

ಕುಷ್ಠರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆಂದು ಶತಮಾನಗಳ ಕಾಲ ನಂಬಲಾಗಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಸೇವೆ ಸಲ್ಲಿಸಿದ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರ್ಯಾಂಡ್ ಅವರು ಇದಕ್ಕೆ ಕಾರಣ ನೋವಿನ ಅರಿವು ನಶಿಸುವುದೇ ಎಂದು ತೋರಿಸಿಕೊಟ್ಟರು. ನೋವು ತಿಳಿಯದ ಕಾರಣ ಅದೇ ಜಾಗದ ಮೇಲೆ ಪದೇ ಪದೇ ಒತ್ತಡ ಬಿದ್ದು ಹುಣ್ಣಾಗುತ್ತದೆ, ಹುಣ್ಣು ಮೂಳೆಗೆ ಇಳಿಯುತ್ತದೆ. ಸ್ಪರ್ಶಜ್ಞಾನ ಕಳೆದುಕೊಂಡ ಕುಷ್ಠರೋಗಿಗಳಿಗೆ ಮೆದುವಾದ ಎಂ.ಸಿ.ಆರ್. ರಬ್ಬರಿನ ಪಾದರಕ್ಷೆಯನ್ನು ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿ ನೀಡಲಾಗುತ್ತಿದೆ. ಬಹುಔಷಧ ಚಿಕಿತ್ಸೆಯೂ ಉಚಿತ.

ಇಂದು ಇದೇ ಪರಿಸ್ಥಿತಿ ಬಹುಸಂಖ್ಯೆಯಲ್ಲಿ ಎದುರಾಗುತ್ತಿರುವುದು ಮಧುಮೇಹಿಗಳಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2021ರಲ್ಲಿ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದರು. ಸಕ್ಕರೆ ಅಂಶ ಬಹುಕಾಲ ಹೆಚ್ಚಾಗಿದ್ದಲ್ಲಿ ಪಾದದ ನರಗಳು ಹಾನಿಗೊಳ್ಳುತ್ತವೆ, ರಕ್ತ ಸಂಚಾರ ಕುಗ್ಗುತ್ತದೆ. ಮೊದಲು ಜೋಮು, ಉರಿ, ಬಳಿಕ ಏನೂ ತಿಳಿಯದಿರುವುದು. ಚಪ್ಪಲಿ ಕಾಲಿನಿಂದ ಜಾರಿಹೋದರೂ ಅರಿವಿಗೆ ಬಾರದಿರುವುದು ಇದರ ಸ್ಪಷ್ಟ ಲಕ್ಷಣ. ಇಂತಹವರು ಮನೆಯೊಳಗೂ ಬರಿಗಾಲಿನಲ್ಲಿ ಇರಬಾರದು. ಮನೆಯೊಳಗೆ ಚಪ್ಪಲಿ ಧರಿಸುವುದು ಮರ್ಯಾದೆಯಲ್ಲವೆಂಬ ಸಂಕೋಚವಿರುವಲ್ಲಿ, ಒಳಗಿನ ಬಳಕೆಗೆಂದೇ ಪ್ರತ್ಯೇಕ ಚಪ್ಪಲಿಯನ್ನು ಇರಿಸಿಕೊಳ್ಳಬಹುದು. ದೇವರ ಮನೆ ಮತ್ತು ಅಡುಗೆಮನೆಯಲ್ಲಿಯೂ ಕೇವಲ ಕಾಲುಚೀಲ ಸಾಲದು. ಪ್ರತಿ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಇಲ್ಲವೇ ಮನೆಯವರಿಂದ ನೋಡಿಸಿಕೊಳ್ಳಬೇಕು. ಬಿಸಿನೀರಿಗೆ ಕಾಲು ಇಡುವ ಮೊದಲು ಮೊಣಕೈಯಿಂದ ಬಿಸಿಯನ್ನು ಪರೀಕ್ಷಿಸಬೇಕು. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ ಸ್ಪರ್ಶಜ್ಞಾನವನ್ನು ಪರೀಕ್ಷಿಸುವ ಸರಳ ವಿಧಾನವಿದ್ದು, ವರ್ಷಕ್ಕೊಮ್ಮೆ ಮಾಡಿಸಿಕೊಳ್ಳುವುದು ಒಳಿತು.

ಯಾತ್ರೆ ಮತ್ತು ಹರಕೆ

ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಪಾದರಕ್ಷೆ ಕಳಚಿಯೇ ಏರಬೇಕು. ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಕೈಗೊಳ್ಳುವವರಲ್ಲಿ ಅನೇಕರು ಬರಿಗಾಲಿನವರು. ಅಯ್ಯಪ್ಪ ವ್ರತಧಾರಿಗಳು 41 ದಿನ ಚಪ್ಪಲಿ ಧರಿಸುವುದಿಲ್ಲ. ಶ್ರದ್ಧೆಯ ಈ ಆಚರಣೆಗಳ ಬಗ್ಗೆ ಇಲ್ಲಿ ಅಭಿಪ್ರಾಯ ನೀಡುವ ಉದ್ದೇಶವಿಲ್ಲ. ಗಮನಿಸಬೇಕಾದುದು ಬಿಸಿಲು. ಶ್ರೀಶೈಲದ ಯಾತ್ರೆ ನಡೆಯುವುದು ಬೇಸಿಗೆಯ ಆರಂಭದಲ್ಲಿ. ಮಧ್ಯಾಹ್ನದ ಬಂಡೆ ಮತ್ತು ಡಾಂಬರು ಗಾಳಿಗಿಂತ ಬಹಳ ಹೆಚ್ಚು ಕಾದಿರುತ್ತವೆ. 60 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲ್ಮೈ ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಬೆಳಗಿನ ಜಾವ ಮತ್ತು ಸಂಜೆ ನಡೆಯುವುದು, ಬೆಟ್ಟ ಏರುವಾಗ ಕಾಲುಚೀಲ ಧರಿಸುವುದು, ಬೊಕ್ಕೆ ಎದ್ದರೆ ಒಡೆಯದಿರುವುದು ಒಳ್ಳೆಯದು. ದೇವಸ್ಥಾನಗಳ ಆಡಳಿತ ಮಂಡಳಿಗಳು ಪ್ರದಕ್ಷಿಣೆಯ ಪಥದಲ್ಲಿ ತೆಂಗಿನ ನಾರಿನ ಚಾಪೆ ಹಾಸಿ ನೀರು ಚಿಮುಕಿಸುವ ವ್ಯವಸ್ಥೆ ಮಾಡಿರುವಲ್ಲಿ ಭಕ್ತರಿಗೆ ಬಹಳ ಅನುಕೂಲವಾಗಿದೆ. ಮಧುಮೇಹಿಗಳು ಬರಿಗಾಲ ಹರಕೆ ಹೊರುವ ಮುನ್ನ ವೈದ್ಯರನ್ನು ಕಾಣಬೇಕು.

ಪ್ರಚಲಿತ ತಪ್ಪು ಕಲ್ಪನೆಗಳು

ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಡೆದರೆ ಕಣ್ಣಿನ ದೃಷ್ಟಿ ಸುಧಾರಿಸಿ ಕನ್ನಡಕ ಬಿಡಬಹುದೆಂಬ ನಂಬಿಕೆಗೆ ಆಧಾರವಿಲ್ಲ. ದೃಷ್ಟಿದೋಷವು ಕಣ್ಣುಗುಡ್ಡೆಯ ಉದ್ದ ಹಾಗೂ ಮಸೂರಕ್ಕೆ ಸಂಬಂಧಿಸಿದ್ದು. ಬೆಳಗಿನ ನಡಿಗೆ ಮನಸ್ಸಿಗೂ ದೇಹಕ್ಕೂ ಹಿತವೆಂಬುದು ಬೇರೆ ಮಾತು, ಕನ್ನಡಕ ಹಾಕಿಕೊಂಡೇ ನಡೆಯಬಹುದು.

ತಣ್ಣನೆಯ ನೆಲದ ಮೇಲೆ ಬರಿಗಾಲಿನಲ್ಲಿ ನಿಂತರೆ ಶೀತ, ಜ್ವರ ಬರುತ್ತದೆ ಎಂದು ಮಕ್ಕಳನ್ನು ಗದರಿಸುವುದುಂಟು. ಶೀತಕ್ಕೆ ಕಾರಣ ವೈರಾಣು.

ಆನೆಕಾಲು ರೋಗವು ಕೊಳಚೆಯಲ್ಲಿ ಬರಿಗಾಲಿನಲ್ಲಿ ನಡೆದುದರಿಂದ ಬರುತ್ತದೆಂದು ಕಲಬುರಗಿ ಭಾಗದಲ್ಲಿಯೂ ಕರಾವಳಿಯಲ್ಲಿಯೂ ಕೆಲವರು ನಂಬಿದ್ದಾರೆ. ಅದು ಕ್ಯೂಲೆಕ್ಸ್ ಸೊಳ್ಳೆಯ ಕಡಿತದಿಂದ ಹರಡುತ್ತದೆ. ಆದರೆ ಈಗಾಗಲೇ ಬಾವು ಇರುವವರಿಗೆ ಬೆರಳ ಸಂದಿನ ಬಿರುಕುಗಳ ಮೂಲಕ ಸೋಂಕು ತಗುಲಿ ಪದೇ ಪದೇ ಜ್ವರ ಮರುಕಳಿಸುವುದರಿಂದ, ಅವರಿಗೆ ಪಾದರಕ್ಷೆ ಮತ್ತು ನಿತ್ಯದ ಶುಚಿತ್ವ ಕಡ್ಡಾಯ.

ಕಾಲಾಣಿ ಬರಿಗಾಲಿನವರಿಗೆ ಬರುವ ತೊಂದರೆಯೆಂಬುದೂ ಪೂರ್ಣ ಸತ್ಯವಲ್ಲ. ಬೆರಳುಗಳ ಮೇಲಿನ ಆಣಿಗೆ ಹೆಚ್ಚಾಗಿ ಬಿಗಿಯಾದ ಶೂಗಳೇ ಕಾರಣ. ಬರಿಗಾಲಿನವರಿಗೆ ಬಾಧಕವಾಗುವುದು ಹಿಮ್ಮಡಿಯ ಒಡಕು. ರಾತ್ರಿ ಕಾಲನ್ನು ನೆನೆಸಿ ಒರೆಸಿ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚುವುದರಿಂದ ಶಮನವಾಗುತ್ತದೆ.

ಮನೆಯೊಳಗೆ ಹಿರಿಯರು ಬರಿಗಾಲಿನಲ್ಲಿದ್ದರೆ ಜಾರುವುದಿಲ್ಲವೆಂಬ ಭಾವನೆಯಿದೆ. ನುಣುಪಾದ ಟೈಲ್ಸ್ ನೆಲದಲ್ಲಿ ಬರಿಗಾಲು ಅಥವಾ ಕೇವಲ ಕಾಲುಚೀಲ ಧರಿಸಿದ ವೃದ್ಧರು, ಸರಿಯಾಗಿ ಹೊಂದುವ ಶೂ ಧರಿಸಿದವರಿಗಿಂತ ಹೆಚ್ಚಾಗಿ ಬೀಳುವುದನ್ನು ಅಧ್ಯಯನಗಳು ಕಂಡುಕೊಂಡಿವೆ.

ಭಾರತ ತಂಡಕ್ಕೆ ಬರಿಗಾಲಿನಲ್ಲಿ ಆಡಲು ಅನುಮತಿ ಸಿಗದ ಕಾರಣ 1950ರ ಫುಟ್‌ಬಾಲ್ ವಿಶ್ವಕಪ್‌ಗೆ ಹೋಗಲಿಲ್ಲವೆಂಬುದು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿಯೂ ಕಾಣಿಸುವ ಮಾತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಬಹುತೇಕ ಆಟಗಾರರು ಬರಿಗಾಲಿನಲ್ಲಿ ಆಡಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತದ್ದು ನಿಜ. ವಿಶ್ವಕಪ್‌ಗೆ ಹೋಗದಿದ್ದುದಕ್ಕೆ ಬ್ರೆಜಿಲ್‌ವರೆಗಿನ ದೀರ್ಘ ಪ್ರಯಾಣ ಹಾಗೂ ಅಂದು ಒಲಿಂಪಿಕ್ಸ್‌ಗೆ ನೀಡುತ್ತಿದ್ದ ಪ್ರಾಧಾನ್ಯವೇ ಮುಖ್ಯ ಕಾರಣಗಳೆಂದು ಇತಿಹಾಸಕಾರರು ಗುರುತಿಸಿದ್ದಾರೆ.

ವಿದ್ಯುತ್ ಮತ್ತು ಬರಿಗಾಲು

ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಮುಟ್ಟುವುದು ರೈತರ ಸಾವಿಗೆ ಕಾರಣವಾಗುತ್ತಿದೆ. ನೆನೆದ ಚರ್ಮವು ವಿದ್ಯುತ್ತಿಗೆ ಒಡ್ಡುವ ಪ್ರತಿರೋಧ ಬಹಳ ಕಡಿಮೆ. ಪೆಟ್ಟಿಗೆಯ ಮುಂದೆ ಒಣ ಮರದ ಹಲಗೆ ಅಥವಾ ರಬ್ಬರ್ ಹಾಸು ಇರಿಸಿ, ಒಣ ರಬ್ಬರ್ ಪಾದರಕ್ಷೆ ಧರಿಸಿಯೇ ಸ್ವಿಚ್ ಒತ್ತಬೇಕು. ಆದರೆ ತುಂಡಾಗಿ ಬಿದ್ದ ತಂತಿಯ ಬಳಿಗೆ ಚಪ್ಪಲಿ ಧರಿಸಿದ್ದೇನೆಂಬ ಧೈರ್ಯದಿಂದ ಹೋಗಕೂಡದು. ಸುತ್ತಲಿನ ನೆಲದಲ್ಲಿಯೂ ವಿದ್ಯುತ್ ಹರಡಿರುತ್ತದೆ. ದೂರದಿಂದಲೇ 1912ಕ್ಕೆ ಕರೆ ಮಾಡಬೇಕು.

ಬರಿಗಾಲು ನಿರ್ಬಂಧವಾಗಿದ್ದಲ್ಲಿ

ಇದುವರೆಗಿನ ವಿವರಣೆ ಸ್ವಂತ ಇಚ್ಛೆಯಿಂದ ಅಥವಾ ಕೆಲಸದ ಅನಿವಾರ್ಯತೆಯಿಂದ ಬರಿಗಾಲಿನಲ್ಲಿ ನಡೆಯುವವರನ್ನು ಕುರಿತದ್ದು. ಮೇಲ್ಜಾತಿಯವರ ಕೇರಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕೆಂಬ ಕಟ್ಟಳೆಯನ್ನು ಅನುಭವಿಸಿದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿಯು ನಿಷೇಧಿಸಿದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ಪ್ರತಿಬಂಧ) ಅಧಿನಿಯಮ, 1989ಕ್ಕೆ ಮಾಡಲಾಗಿ 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯು, ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಅಥವಾ ಹೊಸ ಬಟ್ಟೆ ಧರಿಸದಂತೆ, ಸೈಕಲ್ ಅಥವಾ ಮೋಟಾರ್ ಸೈಕಲ್ ಏರದಂತೆ ಈ ವರ್ಗದವರನ್ನು ತಡೆಯುವುದನ್ನು ಸ್ಪಷ್ಟವಾಗಿ ಹೆಸರಿಸಿ ಅಪರಾಧವೆಂದು ಸಾರಿದೆ. ಇದಕ್ಕೆ 6 ತಿಂಗಳಿಗೆ ಕಡಿಮೆಯಿಲ್ಲದ, 5 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಹಾಗೂ ದಂಡವನ್ನು ವಿಧಿಸಬಹುದು. ಒಂದು ಕಾಯಿದೆಯಲ್ಲಿ ಚಪ್ಪಲಿಯ ಹೆಸರನ್ನು ಬರೆಯಬೇಕಾಗಿ ಬಂದುದೇ ಆ ಕಟ್ಟಳೆ ಎಷ್ಟು ಬೇರೂರಿತ್ತೆಂಬುದಕ್ಕೆ ದಾಖಲೆಯಾಗಿದೆ. ಇಂತಹ ಪ್ರಕರಣಗಳಲ್ಲಿ ಸಮೀಪದ ಪೊಲೀಸ್ ಠಾಣೆಗೆ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಅಥವಾ ರಾಷ್ಟ್ರೀಯ ಸಹಾಯವಾಣಿ 14566ಕ್ಕೆ ದೂರು ನೀಡಬಹುದಾಗಿದೆ. ಪ್ರಥಮ ವರ್ತಮಾನ ವರದಿ ದಾಖಲಿಸಲು ಪ್ರಾಥಮಿಕ ವಿಚಾರಣೆಯ ಅವಶ್ಯಕತೆಯಿರುವುದಿಲ್ಲ.

ತಕ್ಷಣ ಆಸ್ಪತ್ರೆಗೆ ತೆರಳಬೇಕಾದ ಸಂದರ್ಭಗಳು

ಮಧುಮೇಹಿಗಳ ಪಾದದಲ್ಲಿ ಎಷ್ಟೇ ಚಿಕ್ಕ ಗಾಯ, ಬಣ್ಣ ಬದಲಾವಣೆ ಅಥವಾ ವಾಸನೆ ಕಂಡರೆ ಅದೇ ದಿನ. ಮುಳ್ಳು ಚುಚ್ಚಿದ ಜಾಗ ವಾರಗಳ ಬಳಿಕವೂ ಗಂಟಾಗಿ ಉಳಿದು, ಕಾಳಿನಂತಹ ಕಣಗಳು ಹೊರಬರುತ್ತಿದ್ದಲ್ಲಿ. ಇದು 19ನೇ ಶತಮಾನದಲ್ಲಿ ಮದುರೆಯಲ್ಲಿ ಗುರುತಿಸಲ್ಪಟ್ಟು ಮದುರಾ ಪಾದವೆಂದೇ ಹೆಸರಾದ ಸೋಂಕಾಗಿರಬಹುದು, ತಡಮಾಡಿದಷ್ಟೂ ಚಿಕಿತ್ಸೆ ಕಠಿಣ. ಗಾಯವಾದ ಕೆಲವು ದಿನಗಳಲ್ಲಿ ದವಡೆ ಬಿಗಿದುಕೊಂಡರೆ ತುರ್ತಾಗಿ. ಹಾವು ಕಡಿದಾಗ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಾಲನ್ನು ಅಲುಗಾಡಿಸದಂತೆ ಇರಿಸಿ 108 ವಾಹನದಲ್ಲಿ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಸಾಗಿಸಬೇಕು. ಇತರ ಆರೋಗ್ಯ ಮಾಹಿತಿಗೆ 104 ಸಂಖ್ಯೆಯನ್ನು ಸಂಪರ್ಕಿಸಬಹುದು. ಜಂತುಹುಳು ಮಾತ್ರೆ ಮತ್ತು ಟಿ.ಡಿ. ಲಸಿಕೆಗಾಗಿ ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.